ಬಾಣಂತನ ಮುಗಿದ ಮೇಲಿನ ಒಂಬತ್ತು ತಿಂಗಳು

ಮಗುವಿನ ನಾಮಕರಣ. ತೊಟ್ಟಿಲ ಸುತ್ತ ನೆರೆದ ಹೆಂಗಸರಲ್ಲಿ ಒಬ್ಬರಾದರೂ ಬಾಣಂತಿಯ ಹೊಟ್ಟೆಯತ್ತ ನೋಡಿ, ‘ಇನ್ನೂ ಇಳಿದೇ ಇಲ್ವಲ್ಲೇ, ಹೊಟ್ಟೆ ಸರಿಯಾಗಿ ಕಟ್ಕೊಳ್ತಿದೀಯೋ ಇಲ್ವೋ?’ ಎಂದು ಕೇಳಿಯೇ ಕೇಳುತ್ತಾರೆ. ಊಟಕ್ಕೆ ಕೂತಾಗ ಅದೇ ಕೈ ಅವಳ ಎಲೆಗೆ ಇನ್ನೊಂದು ಮಿಳ್ಳೆ ತುಪ್ಪ ಬಡಿಸುತ್ತದೆ: ‘ತಿನ್ನು, ಮಗೂಗೆ ಹಾಲು ಬರ್ಬೇಕಲ್ಲ.’ ಹೆತ್ತು ಎರಡು ವಾರವೂ ಆಗದ ಹುಡುಗಿ ಎರಡಕ್ಕೂ ತಲೆಯಾಡಿಸುತ್ತಾಳೆ. ರಾತ್ರಿ ಮಗುವಿಗೆ ಹಾಲು ಕುಡಿಸುತ್ತಾ ಫೋನ್ ತೆರೆದರೆ, ಹೆರಿಗೆಯಾದ ಎಂಟೇ ವಾರಕ್ಕೆ ಹಳೆಯ ಜೀನ್ಸ್ ತೊಟ್ಟು ನಿಂತ ಯಾರದೋ ಚಿತ್ರ.

ಇಳಿಸು ಎನ್ನುವವರೂ ತಿನ್ನು ಎನ್ನುವವರೂ ಅವಳ ಒಳ್ಳೆಯದನ್ನೇ ಬಯಸುವವರು. ಆದರೆ ಎಲ್ಲರ ಕಣ್ಣೂ ಮೊದಲ ಮೂರು ತಿಂಗಳ ಮೇಲೆ. ತೂಕದ ವಿಷಯದಲ್ಲಿ ಆ ಮೂರು ತಿಂಗಳಲ್ಲಿ ಮಾಡಬೇಕಾದ್ದು ಬಹಳ ಕಡಿಮೆ. ತೂಕ ಇಳಿಯುತ್ತದೋ ಮೈಯಲ್ಲೇ ನಿಲ್ಲುತ್ತದೋ ಎಂಬುದು ತೀರ್ಮಾನವಾಗುವುದು ಅದರ ನಂತರ, ಬಾಣಂತನ ಮುಗಿಯಿತು ಎಂದು ಮನೆಯವರೆಲ್ಲ ತಮ್ಮ ತಮ್ಮ ಕೆಲಸಕ್ಕೆ ಮರಳಿದ ಮೇಲೆ, ಮಗುವಿಗೆ ವರ್ಷ ತುಂಬುವವರೆಗಿನ ಒಂಬತ್ತು ತಿಂಗಳಲ್ಲಿ. ಆ ಒಂಬತ್ತು ತಿಂಗಳು ತಾಯಿಯನ್ನು ನಮ್ಮ ಮನೆಗಳೂ ಗಮನಿಸುತ್ತಿಲ್ಲ, ಆಸ್ಪತ್ರೆಗಳೂ ಗಮನಿಸುತ್ತಿಲ್ಲ. ನನ್ನ ಸಂಕಟ ಇದು.

ಮೊದಲು ತೂಕ ಏರಿದ್ದು ಹೇಗೆಂದು ನೋಡೋಣ. ನಮ್ಮಲ್ಲಿ ವೈದ್ಯರು ಸಾಮಾನ್ಯವಾಗಿ ಗರ್ಭಿಣಿ 10ರಿಂದ 12 ಕೆ.ಜಿ. ಏರಬೇಕು ಎನ್ನುತ್ತಾರೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಅಳತೆಯಲ್ಲಿ ಸಾಧಾರಣ ಮೈಕಟ್ಟಿನವರಿಗೆ 11.5ರಿಂದ 16, ಮೊದಲೇ ತೂಕ ಹೆಚ್ಚಿರುವವರಿಗೆ 7ರಿಂದ 11.5 ಕೆ.ಜಿ. ಹೆರಿಗೆಯ ದಿನ ಇದರಲ್ಲಿ ಸುಮಾರು 5 ಕೆ.ಜಿ. ಹೋಗುತ್ತದೆ: ಮಗು, ಮಾಸು, ಮಗುವಿನ ಸುತ್ತಲಿನ ನೀರು, ಹರಿದ ರಕ್ತ. ಮುಂದಿನ ಒಂದೆರಡು ವಾರ ಬಾಣಂತಿ ರಾತ್ರಿಯೆಲ್ಲ ಬೆವರುವುದು, ಮತ್ತೆ ಮತ್ತೆ ಮೂತ್ರಕ್ಕೆ ಎದ್ದು ಹೋಗುವುದು ಮೈಯಲ್ಲಿ ನಿಂತ ಹೆಚ್ಚಿನ ನೀರು ಹೊರಬೀಳುವ ಬಗೆ. ಅದರಿಂದ ಇನ್ನೂ ಒಂದೆರಡು ಕೆ.ಜಿ. ಇಳಿಯುತ್ತದೆ. ಹೆತ್ತ ದಿನ ಸುಮಾರು ಒಂದು ಕೆ.ಜಿ. ತೂಗುವ ಗರ್ಭಕೋಶ ಆರು ವಾರಗಳಲ್ಲಿ ಕುಗ್ಗಿ 100 ಗ್ರಾಂ ಒಳಗೆ ಬರುತ್ತದೆ. ಮಗು ಹಾಲು ಚೀಪುವಾಗ ಕಿಬ್ಬೊಟ್ಟೆಯಲ್ಲಿ ಹಿಂಡಿದಂತಾಗುವ ನೋವು ಅದು ಕುಗ್ಗುತ್ತಿರುವ ಸೂಚನೆ. ಆದ್ದರಿಂದ ನಾಮಕರಣದ ದಿನ ಹೊಟ್ಟೆ ಐದಾರು ತಿಂಗಳ ಬಸುರಿಯ ಹಾಗೆ ಕಂಡರೆ ಅಚ್ಚರಿಯೇನಿಲ್ಲ.

ಉಳಿಯುವುದು ಮೂರು ನಾಲ್ಕು ಕೆ.ಜಿ. ಕೊಬ್ಬು. ಇದು ತಪ್ಪಿ ಸೇರಿಕೊಂಡದ್ದಲ್ಲ. ಸೊಂಟ, ತೊಡೆಗಳಲ್ಲಿ ದೇಹ ಹಾಲಿಗೆಂದೇ ಎತ್ತಿಟ್ಟ ಗಂಟು. ಎದೆಹಾಲು ಮಾತ್ರ ಕುಡಿಯುವ ಮಗುವಿಗೆ ದಿನಕ್ಕೆ ಸುಮಾರು 750 ಮಿ.ಲೀ. ಹಾಲು ಬೇಕು. ಅದಕ್ಕಾಗಿ ಮೊದಲ ಆರು ತಿಂಗಳು ತಾಯಿ ದಿನಕ್ಕೆ 600 ಕಿಲೋಕ್ಯಾಲರಿ, ಮುಂದಿನ ಆರು ತಿಂಗಳು 520 ಕಿಲೋಕ್ಯಾಲರಿ ಹೆಚ್ಚು ತಿನ್ನಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಲೆಕ್ಕ ಕೊಟ್ಟಿದೆ. ಜೊತೆಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 17 ಗ್ರಾಂ ಹೆಚ್ಚಿನ ಪ್ರೋಟೀನ್.

ಈ ಎರಡು ಅಂಕಿಗಳನ್ನು ಇಟ್ಟುಕೊಂಡು ನಮ್ಮ ಬಾಣಂತಿ ಅಡುಗೆಯ ಒಳಹೊಕ್ಕು ನೋಡಬೇಕು. ಉತ್ತರ ಕರ್ನಾಟಕದಲ್ಲಿ ಅಂಟಿನ ಉಂಡಿ: ಹುರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲ, ತುಪ್ಪ. ಜೊತೆಗೆ ಅಳವಿ ಪಾಯಸ, ಸಬ್ಬಸಿಗೆ ಪಲ್ಯ. ಹಳೇ ಮೈಸೂರಿನ ಕಡೆ ಬಿಸಿ ಅನ್ನ, ಮೆಣಸು ಜೀರಿಗೆ ಬೆಳ್ಳುಳ್ಳಿ ಸಾರು, ಮೇಲೆ ತುಪ್ಪ. ಕರಾವಳಿಯಲ್ಲಿ ಮೆಂತ್ಯದ ಗಂಜಿ, ಬಾಣಂತಿ ಲೇಹ್ಯ. ಇವನ್ನು ಹಳೆಯ ಕಾಲದ ಅಜ್ಞಾನ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಎಂಟನೇ ತಿಂಗಳವರೆಗೂ ನಾಟಿ, ಕಳೆ ಎಂದು ಗದ್ದೆಯಲ್ಲಿ ಬಗ್ಗಿ, ಮನೆಯವರೆಲ್ಲ ಉಂಡು ಮಿಕ್ಕಿದ್ದನ್ನು ಉಣ್ಣುತ್ತಿದ್ದ ಹೆಂಗಸಿಗೆ ವರ್ಷದಲ್ಲಿ ಸಿಗುತ್ತಿದ್ದ ಒಂದೇ ಪುಷ್ಟಿಯಾದ ಊಟ ಅದು. ಮೈಯಲ್ಲಿ ಗಂಟು ಇಲ್ಲದವಳಿಗೆ ಉಂಡಿಯೇ ಗಂಟು. ಬಾಣಂತನಕ್ಕೆ ತವರಿಗೆ ಹೋಗುವ ರೂಢಿಯನ್ನು ಮಾಡಿದವರು ಅವಳ ದಣಿವನ್ನು ಬಲ್ಲವರು.

ಆದರೆ ಅಡುಗೆ ಹಾಗೇ ಉಳಿದು ಉಣ್ಣುವವರು ಬದಲಾಗಿದ್ದಾರೆ. 2019ರಿಂದ 2021ರ ನಡುವೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಸುಮಾರು ಶೇ 30ರಷ್ಟು ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ. ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು: ಮೈ ತುಂಬಿದೆ, ರಕ್ತ ತುಂಬಿಲ್ಲ. ಬಾಣಂತಿ ಊಟದ ಲೆಕ್ಕವೂ ಹೀಗೇ ಇದೆ. ನಿಂಬೆಗಾತ್ರ ಮೀರಿದ ಐವತ್ತು ಗ್ರಾಂನ ಒಂದು ಅಂಟಿನ ಉಂಡಿಯಲ್ಲಿ 200ರಿಂದ 250 ಕಿಲೋಕ್ಯಾಲರಿ. ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 130. ಬೆಳಿಗ್ಗೆ ಒಂದು, ಸಂಜೆ ಒಂದು ಉಂಡಿ, ಎರಡು ಹೊತ್ತಿನ ಊಟಕ್ಕೆ ಒಂದೊಂದು ಚಮಚ ತುಪ್ಪ ಎಂದರೆ ಅಲ್ಲಿಗೇ ಆ 600 ಮುಗಿಯಿತು. ಮಿಕ್ಕ ತುಪ್ಪ, ಎರಡನೇ ಸುತ್ತಿನ ಅನ್ನ, ನೋಡಲು ಬಂದವರು ತಂದ ಸಿಹಿ, ಬೇಕರಿ ಬ್ರೆಡ್ಡು ಎಲ್ಲವೂ ಮೈಗೇ ಸೇರುತ್ತವೆ. ಆ 17 ಗ್ರಾಂ ಪ್ರೋಟೀನ್ ಮಾತ್ರ ಎಲೆಯಲ್ಲಿ ಕಾಣುವುದಿಲ್ಲ, ಏಕೆಂದರೆ ಬೇಳೆ ವಾಯು, ಮೊಟ್ಟೆ ಉಷ್ಣ, ಮೊಸರು ಶೀತ, ಬದನೆ ನಂಜು, ಕಾಳು ತಿಂದರೆ ಮಗುವಿನ ಹೊಟ್ಟೆ ಕೆಡುತ್ತದೆ ಎನ್ನುತ್ತಾರೆ. ಪಥ್ಯದ ಪಟ್ಟಿಯಲ್ಲಿ ಹೊರಗೆ ಉಳಿದದ್ದೆಲ್ಲ ಅವಳಿಗೆ ಬೇಕಾದದ್ದೇ.

ನೀರಿನ ಪಥ್ಯವಂತೂ ನಿಜಕ್ಕೂ ಅಪಾಯ. ನೀರು ಕುಡಿದರೆ ಹೊಟ್ಟೆ ಉಬ್ಬಿ ಹಾಗೇ ನಿಲ್ಲುತ್ತದೆ ಎಂಬ ನಂಬಿಕೆಯಲ್ಲಿ ಬಾಣಂತಿಗೆ ದಿನಕ್ಕೆ ಒಂದೆರಡು ಲೋಟ ಕೊಡುವ ಮನೆಗಳು ಈಗಲೂ ಇವೆ. ಮುಕ್ಕಾಲು ಲೀಟರ್ ಹಾಲು ಕೊಡುವ ದೇಹ ಅದು. ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ, ಹೊಲಿಗೆಯ ಜಾಗದಲ್ಲಿ ಯಾತನೆ. ಹೊಟ್ಟೆ ಬಿಗಿಯುವ ಬಟ್ಟೆಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಸಿಸೇರಿಯನ್ ಆದವರಿಗೆ ಎದ್ದು ಕೂರುವಾಗ ಹಿತವಾದ ಆಧಾರ ಕೊಡುತ್ತದೆ, ಅಷ್ಟು ಉಪಕಾರ ಅದರದ್ದು. ಕೊಬ್ಬು ಕರಗಿಸುವುದಿಲ್ಲ, ಗಾಳಿ ತುಂಬುವುದನ್ನು ತಡೆಯುವುದೂ ಇಲ್ಲ. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡವೆಲ್ಲ ಕೆಳಗೆ ಬಿದ್ದು, ಹೆರಿಗೆಯಲ್ಲಿ ಮೊದಲೇ ಸಡಿಲವಾದ ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ಭಾರವಾಗುತ್ತದೆ.

ಇಷ್ಟಾದರೂ ಮೊದಲ ಮೂರು ತಿಂಗಳಿನ ತುಪ್ಪವನ್ನೇ ಖಳನಾಯಕ ಮಾಡಲು ನನಗೆ ಮನಸ್ಸಿಲ್ಲ. ಆ ಮೂರು ತಿಂಗಳಲ್ಲಿ ತುಪ್ಪದ ಜೊತೆಗೆ ಬೇರೆ ಏನೇನೋ ಇರುತ್ತದೆ. ಬೆನ್ನಿಗೆ ಬಿಸಿನೀರು ಹುಯ್ಯುವ ಅಮ್ಮ ಇರುತ್ತಾಳೆ. ಮಗು ಅತ್ತರೆ ಎತ್ತಿಕೊಂಡು ಅಂಗಳಕ್ಕೆ ಹೋಗುವ ಅಜ್ಜಿ ಇರುತ್ತಾಳೆ. ‘ನೀನು ಮಲಕ್ಕೋ, ನಾನು ನೋಡ್ಕೋತೀನಿ’ ಎನ್ನುವ ಒಂದು ದನಿ ಇರುತ್ತದೆ. ಮೂರನೆಯ ತಿಂಗಳೋ ಐದನೆಯ ತಿಂಗಳೋ ಒಳ್ಳೆಯ ದಿನ ನೋಡಿ ಮಡಿಲು ತುಂಬಿ ಕಳಿಸಿದ ದಿನ ತುಪ್ಪದ ಡಬ್ಬಿ ಜೊತೆಗೆ ಬರುತ್ತದೆ, ಆ ದನಿ ಬರುವುದಿಲ್ಲ. ಗಂಡನ ಮನೆಯಲ್ಲಿ ಬೆಳಗಿನ ತಿಂಡಿ, ಬುತ್ತಿ, ಬಟ್ಟೆ, ಮಗು ಎಲ್ಲವೂ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಇಬ್ಬರೇ ಇದ್ದರೆ ಇನ್ನೂ ಕಷ್ಟ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಗಳ ಬಾಣಂತನಕ್ಕೆ ಹೋದ ಅಮ್ಮ ವೀಸಾ ಮುಗಿದು ವಾಪಸು ಹೊರಟ ದಿನವೂ ಇದೇ ಆಗುತ್ತದೆ.

ನಿದ್ದೆ ಹರಿದುಹೋಗುವುದು ಆಗಲೇ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 900ಕ್ಕೂ ಹೆಚ್ಚು ತಾಯಂದಿರನ್ನು ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಗುವಿಗೆ ಆರು ತಿಂಗಳಾದಾಗ ದಿನಕ್ಕೆ ಐದು ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿದ್ದೆ ಮಾಡುತ್ತಿದ್ದವರಲ್ಲಿ ವರ್ಷದ ಕೊನೆಗೆ ಕನಿಷ್ಠ 5 ಕೆ.ಜಿ. ತೂಕ ಉಳಿದುಕೊಳ್ಳುವ ಸಾಧ್ಯತೆ, ಏಳು ಗಂಟೆ ಮಲಗಿದವರಿಗೆ ಹೋಲಿಸಿದರೆ, ಸುಮಾರು ಮೂರು ಪಟ್ಟು ಕಂಡುಬಂತು. ನಿದ್ದೆಗೆಟ್ಟ ದೇಹಕ್ಕೆ ಹಸಿವು ಹೆಚ್ಚು, ಅದರಲ್ಲೂ ಸಿಹಿ ಮತ್ತು ಕರಿದ ತಿಂಡಿಯ ಆಸೆ ಹೆಚ್ಚು. ನಡೆಯುವ ಮನಸ್ಸು ಕಡಿಮೆ. ಇಂಥ ಹೆಣ್ಣಿಗೆ ಮನೋಬಲ ಸಾಲದು ಎಂದು ಉಪದೇಶ ಮಾಡುವುದು ಅನ್ಯಾಯ. ರಾತ್ರಿ ಎರಡು ಗಂಟೆಯ ಒಂದು ಸರದಿ ಗಂಡ ವಹಿಸಿಕೊಂಡರೆ ಅದು ಜಿಮ್ ಶುಲ್ಕ ಕಟ್ಟಿಕೊಡುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಆರನೇ ತಿಂಗಳಲ್ಲಿ ಇನ್ನೊಂದು ತಿರುವು. ಮಗುವಿಗೆ ರಾಗಿ ಸರಿ, ಮೆತ್ತಗಿನ ಅನ್ನ ಶುರುವಾಗಿ ಎದೆಹಾಲು ಮೆಲ್ಲಗೆ ಕಡಿಮೆಯಾಗುತ್ತದೆ. ಹಾಲಿನ ಖರ್ಚು ಇಳಿದರೂ ತಾಯಿಯ ಊಟ ಬಾಣಂತನದ ಅಳತೆಯಲ್ಲೇ ಉಳಿದಿರುತ್ತದೆ. ಮೇಲೆ ಮಗು ಬಿಟ್ಟ ಸರಿಯೂ ಅವಳ ಹೊಟ್ಟೆಗೇ. ಹಾಲೂಡಿಸಿದರೆ ತೂಕ ತಾನಾಗಿ ಇಳಿಯುತ್ತದೆ ಎಂಬ ಭರವಸೆ ಅರ್ಧ ನಿಜ. ಡೆನ್ಮಾರ್ಕಿನ ತಾಯಂದಿರ ದೊಡ್ಡ ಸಮೂಹವೊಂದರಲ್ಲಿ, ಬಸುರಿನಲ್ಲಿ ಹದವಾಗಿ ತೂಕ ಏರಿ, ಆರು ತಿಂಗಳು ಪೂರ್ತಿ ಎದೆಹಾಲು ಕೊಟ್ಟವರಿಗೆ ಅದು ಹೆಚ್ಚುಕಡಿಮೆ ಪೂರಾ ಇಳಿಯಬಲ್ಲದು ಎಂಬ ಲೆಕ್ಕ ಸಿಕ್ಕಿತು. ಬಸುರಿನಲ್ಲೇ 20 ಕೆ.ಜಿ. ಏರಿದವಳಿಗೆ, ಹಾಲಿನ ಹೆಸರಲ್ಲಿ ಎರಡು ಪಾಲು ಉಂಡವಳಿಗೆ ಆ ಲೆಕ್ಕ ಹೊಂದುವುದಿಲ್ಲ.

ಹಾಗಾದರೆ ಇಳಿಸಲು ಶುರುಮಾಡುವುದು ಯಾವಾಗ, ಎಷ್ಟು? ಮೊದಲ ಆರು ವಾರ ಗಾಯ ಮಾಯಬೇಕು, ಹಾಲು ನೆಲೆ ನಿಲ್ಲಬೇಕು. ಆಗ ಊಟ ಕಡಿಮೆ ಮಾಡುವ ಮಾತು ಬೇಡ. ಎರಡು ತಿಂಗಳ ನಂತರ, ಮಗು ಚೆನ್ನಾಗಿ ತೂಕ ಏರುತ್ತಿದ್ದರೆ, ವಾರಕ್ಕೆ ಅರ್ಧ ಕೆ.ಜಿ.ವರೆಗೆ ಇಳಿಸಿದರೆ ತೊಂದರೆಯಿಲ್ಲ. ಇದು ಬರಿಯ ಅಂದಾಜಲ್ಲ. ತೂಕ ಹೆಚ್ಚಿದ್ದ ಹಾಲೂಡಿಸುವ ತಾಯಂದಿರನ್ನು ನಾಲ್ಕನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಊಟ ಮತ್ತು ವ್ಯಾಯಾಮದಿಂದ ಈ ವೇಗದಲ್ಲಿ ಇಳಿಸಿ ನೋಡಿದ ಪ್ರಯೋಗವೊಂದು 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅವರ ಮಕ್ಕಳ ಬೆಳವಣಿಗೆ ಬೇರೆ ಮಕ್ಕಳಂತೆಯೇ ಇತ್ತು. ವ್ಯಾಯಾಮ ಮಾಡಿದರೆ ಹಾಲು ಬತ್ತುತ್ತದೆ ಎಂಬ ಭಯಕ್ಕೂ 1994ರ ಪ್ರಯೋಗ ಉತ್ತರ ಕೊಟ್ಟಿದೆ: ಬತ್ತಲಿಲ್ಲ. ನನ್ನ ಸಲಹೆ ವಾರಕ್ಕೆ ಕಾಲು ಕೆ.ಜಿ. ಸಾಕು ಎಂದು. ಗಡುವು ಮಗುವಿನ ಮೊದಲ ಹುಟ್ಟುಹಬ್ಬ. ಇಲ್ಲಿ ಒಂದು ಮಾತು ಮರೆಯಬಾರದು: ಮೊದಲು ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ ನಮ್ಮ ರಾಜ್ಯದ ಹೆಂಗಸರಲ್ಲಿ ಸುಮಾರು ಶೇ 17ರಷ್ಟು ಮಂದಿ ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು. ಅವರಿಗೆ ಇಳಿಸುವ ಮಾತೇ ಇಲ್ಲ, ಅಂಟಿನ ಉಂಡಿ ಅವರಿಗೆ ಸಲ್ಲಲಿ.

ಊಟದಲ್ಲಿ ಮಾಡಬೇಕಾದ ಬದಲಾವಣೆಗೆ ಹೊಸ ಅಡುಗೆ ಕಲಿಯಬೇಕಿಲ್ಲ, ಎಲೆಯ ಮೇಲಿನ ಅಳತೆ ಬದಲಾದರೆ ಸಾಕು. ಅನ್ನ ಒಂದು ಸೌಟು ಕಡಿಮೆ, ಗಟ್ಟಿ ತೊವ್ವೆ ಒಂದು ಸೌಟು ಹೆಚ್ಚು. ಹುರುಳಿ ಕಟ್ಟಿನ ಸಾರು ಮಾಡಿದ ದಿನ ಬಸಿದ ಕಾಳನ್ನೂ ಪಲ್ಯ ಮಾಡಿ ಅವಳಿಗೇ ಬಡಿಸಿ. ನೂರು ಗ್ರಾಂ ಹುರುಳಿಯಲ್ಲಿ 20 ಗ್ರಾಂ ಮೀರಿ ಪ್ರೋಟೀನ್ ಇದೆ. ತಿನ್ನುವವರಾದರೆ ದಿನಕ್ಕೊಂದೆರಡು ಮೊಟ್ಟೆ, ಕರಾವಳಿಯವರಾದರೆ ಬೂತಾಯಿ. ಸಬ್ಬಸಿಗೆ, ನುಗ್ಗೆ, ಮೆಂತ್ಯ ಸೊಪ್ಪು ದಿನವೂ ಇರಲಿ. ಬೆಳಿಗ್ಗೆ ಹಾರ್ಲಿಕ್ಸ್ ಬದಲು ರಾಗಿ ಗಂಜಿ ಮಜ್ಜಿಗೆ ಹಾಕಿ. ಹಾಲೂಡಿಸುವ ತಾಯಿಗೆ ದಿನಕ್ಕೆ ಬೇಕಾದ 1,200 ಮಿ.ಗ್ರಾಂ ಕ್ಯಾಲ್ಸಿಯಂನಲ್ಲಿ ನೂರು ಗ್ರಾಂ ರಾಗಿ 340 ಮಿ.ಗ್ರಾಂ ಆಸುಪಾಸು ಕೊಡುತ್ತದೆ. ಆದರೆ ರಾಗಿ ಎಂದ ಮಾತ್ರಕ್ಕೆ ಎರಡು ಮುದ್ದೆ ಬೇಡ, ಕ್ಯಾಲರಿಯಲ್ಲಿ ಅದು ಅಕ್ಕಿಗಿಂತ ಹೆಚ್ಚೇನೂ ಹಗುರವಲ್ಲ. ಉಂಡಿ ದಿನಕ್ಕೊಂದು, ಚಿಕ್ಕದು, ಊಟದ ಮೇಲೆ ಅಲ್ಲ, ನಾಲ್ಕು ಗಂಟೆಯ ಹಸಿವಿಗೆ. ಆಸ್ಪತ್ರೆಯಿಂದ ಕೊಟ್ಟ ಕಬ್ಬಿಣಾಂಶದ ಮಾತ್ರೆ ಹೆರಿಗೆಯ ನಂತರ 180 ದಿನ ತಪ್ಪಬಾರದು. ನಡೆದರೆ ಏದುಸಿರು ಬರುವವಳಿಗೆ ನಡೆ ಎಂದು ಹೇಳಿ ಏನು ಫಲ?

ಸರ್ಕಾರ ಈ ಲೆಕ್ಕ ಬಲ್ಲದು. 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲಿ ಜಾರಿಯಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಗರ್ಭಿಣಿಗೂ ಬಾಣಂತಿಗೂ ಅನ್ನ ಸಾಂಬಾರಿನ ಜೊತೆ ಮೊಟ್ಟೆ ಅಥವಾ ಮೊಳಕೆ ಕಾಳು, ಹಾಲು, ಶೇಂಗಾ ಚಿಕ್ಕಿ ಇರುವ ಬಿಸಿಯೂಟ ಸಿಗುತ್ತದೆ. ಅದೂ ಹೆರಿಗೆಯಾದ ಆರು ತಿಂಗಳಿಗೆ ನಿಲ್ಲುತ್ತದೆ. ಬಾಣಂತಿ ಹೊಸಿಲು ದಾಟಬಾರದು ಎನ್ನುವ ಮನೆಗಳಲ್ಲಿ ಆ ಆರು ತಿಂಗಳಿನ ಅರ್ಧವೂ ಹೋಯಿತು.

ಇನ್ನು ನಡಿಗೆ. ಸಹಜ ಹೆರಿಗೆಯಾದವರು ಒಂದೆರಡು ದಿನಕ್ಕೇ ಮನೆಯೊಳಗೆ ಓಡಾಡಬಹುದು. ಸಿಸೇರಿಯನ್ ಆದವರನ್ನೂ ಆಸ್ಪತ್ರೆಯಲ್ಲೇ ಮರುದಿನ ಎಬ್ಬಿಸಿ ನಡೆಸುತ್ತಾರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು. ರಾಜ್ಯದಲ್ಲಿ ಹತ್ತು ಹೆರಿಗೆಗಳಲ್ಲಿ ಮೂರು ಸಿಸೇರಿಯನ್. ಅವರು ಆರರಿಂದ ಎಂಟು ವಾರ ಮಗುವಿಗಿಂತ ಭಾರವಾದದ್ದನ್ನು ಎತ್ತಬಾರದು. ವೈದ್ಯರು ಆಗಲಿ ಎಂದ ಮೇಲೆ ವಾರಕ್ಕೆ 150 ನಿಮಿಷ ಚುರುಕು ನಡಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಗುರಿ. ಹತ್ತು ನಿಮಿಷಗಳ ತುಂಡಾಗಿಯೂ ಆದೀತು. ಹೊಟ್ಟೆ ಇಳಿಸಬೇಕೆಂಬ ಅವಸರದಲ್ಲಿ, ಮಲಗಿ ತಲೆ ಭುಜ ಎತ್ತುವ ಕ್ರಂಚಸ್ ವ್ಯಾಯಾಮಕ್ಕೆ ಹಾರಬೇಡಿ. ಬಸುರಿನಲ್ಲಿ ಹೊಟ್ಟೆಯ ನಡುವಿನ ಎರಡು ಸ್ನಾಯುಪಟ್ಟಿಗಳು ಅಗಲಿರುತ್ತವೆ. ಅಂಗಾತ ಮಲಗಿ, ಮಂಡಿ ಮಡಚಿ, ತಲೆ ತುಸು ಎತ್ತಿ ಹೊಕ್ಕುಳಿನ ಮೇಲೆ ಬೆರಳಿಟ್ಟರೆ ಎರಡು ಬೆರಳಿಗಿಂತ ಹೆಚ್ಚು ಹಳ್ಳ ಸಿಕ್ಕಿದರೆ ಪಟ್ಟಿಗಳು ಇನ್ನೂ ಕೂಡಿಲ್ಲ. ಹೊಟ್ಟೆ ಉಬ್ಬಿ ಕಾಣುವುದಕ್ಕೆ ಎಷ್ಟೋ ಸಲ ಕೊಬ್ಬಿಗಿಂತ ಇದೇ ಕಾರಣ. ಇಂಥವರು ಫಿಸಿಯೋಥೆರಪಿಸ್ಟ್ ಬಳಿ ಮೊದಲು ಒಳಗಿನ ಸ್ನಾಯುಗಳನ್ನು ಬಿಗಿಯುವ ವ್ಯಾಯಾಮ ಕಲಿಯಬೇಕು. ಕೆಮ್ಮಿದರೆ, ನಕ್ಕರೆ ಮೂತ್ರ ಜಿನುಗುವವರಿಗೂ ಇದೇ ಮಾತು. ಅದನ್ನು ಸಂಕೋಚಪಟ್ಟು ಮುಚ್ಚಿಟ್ಟುಕೊಂಡು ನಡಿಗೆಯನ್ನೇ ಬಿಟ್ಟ ಹೆಂಗಸರು ಎಷ್ಟೋ ಮಂದಿ.

ಕೆಲಸಕ್ಕೆ ಹೋಗುವವರ ಪಾಡು ಬೇರೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ, 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಕಡೆ ಶಿಶುಪಾಲನಾ ಕೇಂದ್ರ ಹಕ್ಕಾಗಿ ಬಂದಿವೆ. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆರಡು ಬಿಡುವಿನ ಹಕ್ಕು ಮೊದಲಿನಿಂದಲೂ ಇದೆ. ಮನೆಗೆಲಸದವರು, ಕೂಲಿಯವರು, ಬೀದಿ ವ್ಯಾಪಾರದವರಿಗೆ ಇವು ಯಾವುವೂ ಇಲ್ಲ. ರಜೆ ಇರುವವರಿಗೂ ಅದು ಮುಗಿಯುವುದು ಆ ಆರನೇ ತಿಂಗಳಿಗೇ. ಮಾತೃಪೂರ್ಣದ ಊಟ, ರಜೆ, ತವರಿನ ನೆರವು, ಹಾಲಿನ ಖರ್ಚು ಎಲ್ಲವೂ ಒಂದೇ ಹೊತ್ತಿಗೆ ಇಳಿಯುತ್ತವೆ. ತೂಕವೊಂದೇ ಏರುತ್ತದೆ.

ಅಡ್ಡದಾರಿಗಳ ವ್ಯಾಪಾರ ಈ ಹೊತ್ತಿಗೆ ಕಾದು ಕೂತಿರುತ್ತದೆ. ಅನ್ನ ರೊಟ್ಟಿ ಪೂರ್ತಿ ಬಿಡಿಸುವ ಕೀಟೋ ಪಥ್ಯ ಹಾಲೂಡಿಸುವವರಿಗೆ ಸಲ್ಲದು. ಹಾಗೆ ಮಾಡಿ ರಕ್ತದಲ್ಲಿ ಆಮ್ಲ ಏರಿ ತುರ್ತು ಚಿಕಿತ್ಸೆಗೆ ಸೇರಿದ ತಾಯಂದಿರ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಸ್ಲಿಮ್ಮಿಂಗ್ ಟೀ ಎಂದು ಮಾರುವ ಪೊಟ್ಟಣಗಳಲ್ಲಿ ಹಲವು ಬೇಧಿ ಮಾಡಿಸುವ ಸೊಪ್ಪು. 2025ರಲ್ಲಿ ತೂಕ ಇಳಿಸುವ ಮೌಂಜಾರೊ, ವೆಗೊವಿ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದವು. ಹೊಸ ತಾಯಂದಿರೂ ಅವನ್ನು ವಿಚಾರಿಸುತ್ತಿದ್ದಾರೆ. ಕೆಲವರಿಗೆ ಅವು ನಿಜಕ್ಕೂ ಬೇಕಾದ ಔಷಧಿ, ಆದರೆ ಹಾಲೂಡಿಸುವಾಗ ಅವುಗಳ ಸುರಕ್ಷತೆಗೆ ಸಾಕಷ್ಟು ಆಧಾರವಿಲ್ಲ, ವೈದ್ಯರು ಕೊಡುವುದೂ ಇಲ್ಲ. ವೆಗೊವಿಯಲ್ಲಿರುವ ಔಷಧಿಯನ್ನು ಮುಂದಿನ ಬಸುರಿಗೆ ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು.

ಸರಿಯಾಗಿ ಉಂಡು ನಡೆದರೂ ತೂಕ ಕದಲದಿದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾಗುವುದು ಅಪರೂಪವಲ್ಲ. ನಾಲ್ಕರಿಂದ ಎಂಟನೇ ತಿಂಗಳಲ್ಲಿ ದಣಿವು, ಕೂದಲು ಉದುರುವುದು, ಮೈ ಊದುವುದು ಎಲ್ಲವನ್ನೂ ‘ಬಾಣಂತಿ ಸುಸ್ತು’ ಎಂದು ತಳ್ಳಿಬಿಡುತ್ತೇವೆ. ಬಸುರಿನಲ್ಲಿ ಸಕ್ಕರೆ ಕಾಣಿಸಿಕೊಂಡವರಿಗೆ ಮುಂದೆ ಕಾಯಂ ಸಕ್ಕರೆ ಕಾಯಿಲೆ ಬರುವ ಅಪಾಯ ಉಳಿದವರಿಗಿಂತ ಏಳು ಪಟ್ಟು. ಹೆರಿಗೆಯಾದ ಆರರಿಂದ ಹನ್ನೆರಡು ವಾರದೊಳಗೆ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಅವರಿಗೆ ಕಡ್ಡಾಯವಾಗಬೇಕು. ಮತ್ತೆ ಮನಸ್ಸು. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಐವರು ತಾಯಂದಿರಲ್ಲಿ ಒಬ್ಬರಿಗೆ ಹೆರಿಗೆಯ ನಂತರದ ಖಿನ್ನತೆ ಕಂಡಿದೆ. ಅಳುತ್ತಾ ತಿನ್ನುವವಳಿಗೂ, ತಿನ್ನುವುದನ್ನೇ ಬಿಟ್ಟು ತೂಕ ಇಳಿದು ‘ಚೆನ್ನಾಗಾಗಿದೀಯ’ ಎಂಬ ಹೊಗಳಿಕೆ ಪಡೆಯುವವಳಿಗೂ ಬೇಕಾದ್ದು ನೆರವು. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆ ಮಾಡಿ ಮಾತಾಡಬಹುದು.

ಇಷ್ಟೆಲ್ಲ ಏಕೆ ಹೇಳಬೇಕೆಂದರೆ, ಉಳಿದ ತೂಕ ಮುಂದಿನ ಮಗುವಿನ ಬಸುರಿಗೆ ತಲುಪುತ್ತದೆ. ಸ್ವೀಡನ್ನಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರ ದಾಖಲೆ ನೋಡಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಮತ್ತು ಎರಡನೇ ಬಸುರಿನ ನಡುವೆ ತೂಕ ಏರಿದವರಿಗೆ ಬಿಪಿ, ಸಕ್ಕರೆ, ಮಗು ಹೊಟ್ಟೆಯಲ್ಲೇ ಸಾಯುವ ಅಪಾಯಗಳು ಹೆಚ್ಚಿದ್ದು ಕಂಡಿತು. ಅದರಲ್ಲೂ ಮೊದಲು ದಪ್ಪಗಿಲ್ಲದವರಿಗೂ.

ನಮ್ಮಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದು ತಾಯಿ ಮಗು ಇಬ್ಬರನ್ನೂ ನೋಡುವುದು 42ನೇ ದಿನದವರೆಗೆ. ಆಮೇಲೆ ಎಲ್ಲರ ಗಮನವೂ ಮಗುವಿನ ಕಡೆಗೆ. ಆರು, ಹತ್ತು, ಹದಿನಾಲ್ಕನೇ ವಾರದ ಚುಚ್ಚುಮದ್ದಿಗೆ, ಒಂಬತ್ತನೇ ತಿಂಗಳ ದಡಾರ ಲಸಿಕೆಗೆ ಮಗುವನ್ನು ಎತ್ತಿಕೊಂಡು ಬರುವುದು ಬಹುತೇಕ ತಾಯಿಯೇ. ಮಗುವನ್ನು ತೂಗಿ ‘ತಾಯಿ ಕಾರ್ಡ್’ನಲ್ಲಿ ಬರೆಯುತ್ತಾರೆ. ಕಾರ್ಡಿನ ಹೆಸರು ತಾಯಿಯದ್ದು, ತೂಗುವುದು ಮಗುವನ್ನು ಮಾತ್ರ. ದೊಡ್ಡವರ ತೂಕದ ಯಂತ್ರ, ಬಿಪಿ ನೋಡುವ ಪಟ್ಟಿ ಅದೇ ಕೋಣೆಯ ಮೂಲೆಯಲ್ಲಿ ಇರುತ್ತವೆ. ಮುಂದಿನ ಸಲ ಹೋದಾಗ ಮಗುವನ್ನು ಜೊತೆಗೆ ಬಂದವರ ಕೈಗೆ ಕೊಟ್ಟು, ಆ ಯಂತ್ರದ ಮೇಲೆ ನೀವೂ ನಿಲ್ಲಿ. ನಿಮ್ಮ ತೂಕ, ಬಿಪಿ, ಹಿಮೋಗ್ಲೋಬಿನ್ ಅದೇ ಕಾರ್ಡಿನಲ್ಲಿ ಮಗುವಿನ ಅಂಕಿಯ ಪಕ್ಕಕ್ಕೆ ಬರೆಸಿಕೊಂಡು ಬನ್ನಿ.